ವಡ್ಡು ಒಡೆದು ಕಾಣುತ್ತಿದ್ದ ಕಾಲ

ಸಂಡೂರು ತಾಲ್ಲೂಕಿನ ವಡ್ಡು. ಎರಡೇ ಅಕ್ಷರದ ಹೆಸರು, ಒಂದನೇ ಕ್ಲಾಸಿನ ಮಗುವೂ ಬರೆಯುತ್ತೆ. ಆದರೆ 2012ಕ್ಕೆ ಮೊದಲು ಬಹಳಷ್ಟು ಆಂಡ್ರಾಯ್ಡ್ ಫೋನುಗಳಿಗೆ ಅದು ಬರುತ್ತಿರಲಿಲ್ಲ. ಕೆಲವದರಲ್ಲಿ ಬರೀ ಚೌಕದ ಡಬ್ಬಿಗಳು. ಇನ್ನು ಕೆಲವದರಲ್ಲಿ ಒತ್ತಾಗಿ ಕೆಳಗೆ ಕೂರಬೇಕಾದ ಡ ಪಕ್ಕದಲ್ಲೇ ನಿಂತಿರುತ್ತಿತ್ತು, ಕೊಂಬು ಎಲ್ಲೋ. ಬಳ್ಳಾರಿ, ಕಂಪ್ಲಿಗಳ ಗತಿಯೂ ಇದೇ. ಆಗ ಒಪೆರಾ ಮಿನಿಯಲ್ಲಿ ಒಂದು ಉಪಾಯ ಇತ್ತು, ನೆನಪಿದೆಯಾ? ಸೆಟ್ಟಿಂಗ್ ಬದಲಿಸಿದರೆ ಅಕ್ಷರಗಳು ಅವರ ಸರ್ವರ್‌ನಿಂದ ಚಿತ್ರವಾಗಿ ಬರುತ್ತಿದ್ದವು. ಡೇಟಾ ಜಾಸ್ತಿ ತಿಂದರೂ ಓದೋಕೆ ಆಗುತ್ತಿತ್ತು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ 1991ರಲ್ಲೇ ಸಿಕ್ಕಿತ್ತು. ಆದರೆ ಅದು ‘ವಡ್ಡು’ವನ್ನು ಐದು ತುಂಡಾಗಿ ಇಡುತ್ತದೆ: ವ, ಡ, ಅರ್ಧಾಕ್ಷರದ ಗುರುತು, ಇನ್ನೊಂದು ಡ, ಕೊಂಬು. ಇವನ್ನು ಕೂಡಿಸಿ ಒತ್ತಕ್ಷರ ಮಾಡೋದು ಬೇರೆ ಪ್ರೋಗ್ರಾಂ ಕೆಲಸ. ಆ್ಯಪ್ ಮಾಡುವವರು ಅದನ್ನು ತಾವೇ ಬರೆಯೋದು ಅಪರೂಪ. ಯಾರೋ ಬರೆದಿಟ್ಟದ್ದನ್ನು ತಂದು ಒಳಗೆ ಸೇರಿಸಿಕೊಳ್ಳುತ್ತಾರೆ. ಇಂಥ ಸಿದ್ಧ ತುಣುಕಿಗೆ ಲೈಬ್ರರಿ ಅನ್ನುತ್ತಾರೆ.

ತೊಡಕು ಇರೋದು ಈ ಸೇರಿಸಿಕೊಳ್ಳೋದರಲ್ಲೇ. ಅಕ್ಷರ ಕೂಡಿಸುವ ಕೋಡ್ ಮೊದಲು ಫ್ರೀಟೈಪ್ ಅನ್ನುವ ಯೋಜನೆಯಲ್ಲಿತ್ತು. ಪ್ಯಾಂಗೋದವರು ಒಂದು ಪ್ರತಿ ತಗೊಂಡರು, ಕ್ಯೂಟಿಯವರು ಇನ್ನೊಂದು. ಇಬ್ಬರೂ ತಮ್ಮ ತಮ್ಮ ರೀತಿ ತಿದ್ದಿಕೊಂಡರು. ಇಲ್ಲಿ ಸರಿಪಡಿಸಿದ ತಪ್ಪು ಅಲ್ಲಿ ಹಾಗೇ ಉಳಿಯಿತು. ಹೊಸ ಪಂಚಾಂಗ ಅಚ್ಚಾದರೂ ಗೋಡೆಯಲ್ಲಿ ಹೋದ ವರ್ಷದ್ದೇ ನೇತಾಡಿದ ಹಾಗೆ. 2006ರಲ್ಲಿ ಎರಡನ್ನೂ ಕೂಡಿಸಿ ಹಾರ್ಫ್‌ಬಝ್ ಶುರುವಾಯಿತು. ಇರಾನ್ ಮೂಲದ ಬೆಹ್ದಾದ್ ಎಸ್ಫಹ್‌ಬೋದ್ ಮುಂದೆ ಅದನ್ನು ಹೊಸದಾಗಿ ಬರೆದರು. ಹೆಸರು ಪಾರ್ಸಿಯದು. ಹೊಸಪೇಟೆಯ ಉರ್ದು ಮಾತಿನವರಿಗೆ ಗೊತ್ತೇ ಇರುತ್ತೆ, ಹರ್ಫ್ ಅಂದರೆ ಅಕ್ಷರ.

2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಸೇರಿದವು. ನನ್ನ ಪ್ರಕಾರ ಹಳ್ಳಿ ಫೋನಿಗೆ ಕನ್ನಡ ಸುದ್ದಿ ಬಂದ ಕತೆ ಅಲ್ಲಿಂದ ಶುರು.

ಆಟಗಳು ಮಾತ್ರ ಹಿಂದೆ ಉಳಿದವು. ಅವು ಅಕ್ಷರವನ್ನು ಫೋನಿಗೆ ಬಿಡದೆ ಸಾಮಾನ್ಯವಾಗಿ ತಾವೇ ಬಿಡಿಸುತ್ತವೆ. ಆಟ ತಯಾರಿಸುವ ಗೊಡಾಟ್‌ನ 3ನೇ ಆವೃತ್ತಿಗೆ ಒತ್ತಕ್ಷರ ಕೂಡಿಸೋಕೆ ಬರುತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಬಂದ 4.0ರ ಒಳಗೆ ಹಾರ್ಫ್‌ಬಝ್ ಇದೆ.

ಮೈನ್‌ಕ್ರಾಫ್ಟ್ ಆಟಕ್ಕೆ ಹೊರಗಿನವರು ಮಾಡಿದ ಮಾಡ್ ಹಾಕುವ ಹುಡುಗರಿಗೆ ಇದೇ ತೊಡಕಿನ ಇನ್ನೊಂದು ಮುಖ ಗೊತ್ತು. ಎರಡು ಮಾಡ್‌ಗಳು ಒಂದೇ ಲೈಬ್ರರಿಯನ್ನು ಹೊತ್ತು ತರುತ್ತವೆ, ಒಂದರಲ್ಲಿ ಹಳೇದು, ಇನ್ನೊಂದರಲ್ಲಿ ಹೊಸದು. ಫ್ಯಾಬ್ರಿಕ್ ಅನ್ನುವ ಲೋಡರ್ ಎಲ್ಲವನ್ನೂ ನೋಡಿ, ಹೊಂದುವಂತಿದ್ದರೆ ಹೊಸದೊಂದನ್ನೇ ಇಟ್ಟುಕೊಳ್ಳುತ್ತೆ. ನಮ್ಮ ಫೋನಿನಲ್ಲಿ ಬೇರೆ ಬೇರೆ ಆ್ಯಪ್‌ಗಳು ಹೊತ್ತು ತಂದ ಪ್ರತಿಗಳ ನಡುವೆ ಅಂಥ ಪಂಚಾಯ್ತಿ ಮಾಡುವವರು ಯಾರೂ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ‘ಕಂಪ್ಲಿ’ ಸರಿಯಾಗಿದ್ದು ಯಾವುದೋ ಆಟದಲ್ಲಿ ಒಡೆದಿದ್ದರೆ, ಹೊಸ ಫಾಂಟ್ ಹಾಕಿ ಒದ್ದಾಡೋದು ಬಹುತೇಕ ದಂಡ. ಆಟ ಅಪ್‌ಡೇಟ್ ಮಾಡಿ ನೋಡಿ. ಆಗಲೂ ಒಡೆದಿದ್ದರೆ ಯಾವ ಪದ ಹೇಗೆ ಕಾಣುತ್ತಿದೆ ಅಂತ ಸ್ಕ್ರೀನ್‌ಶಾಟ್ ತೆಗೆದು ಆಟ ಮಾಡಿದವರಿಗೇ ಕಳಿಸಿ.