ರಚನಾಬದ್ಧ ವಿನಂತಿ ಲಾಗಿಂಗ್

ರಚನಾಬದ್ಧ ವಿನಂತಿ ಲಾಗಿಂಗ್ ಎಂಬುದು ವೆಬ್ ಸರ್ವರ್ ಅನ್ವಯಕ್ಕೆ ಬರುವ ಪ್ರತಿಯೊಂದು ವಿನಂತಿಯ ವಿವರಗಳನ್ನು ಹೆಸರು ಮತ್ತು ಮೌಲ್ಯಗಳ ಜೋಡಿಗಳಾಗಿ ದಾಖಲಿಸುವ ಪದ್ಧತಿ. ಸಾಮಾನ್ಯ ಲಾಗ್‌ನಲ್ಲಿ ಒಂದು ಘಟನೆಯು ಮನುಷ್ಯರು ಓದುವ ವಾಕ್ಯದ ರೂಪದಲ್ಲಿರುತ್ತದೆ. ರಚನಾಬದ್ಧ ಲಾಗ್‌ನಲ್ಲಿ ಅದೇ ಘಟನೆಯ ಸಮಯ, ವಿಧಾನ, ಮಾರ್ಗ, ಸ್ಥಿತಿ ಸಂಕೇತ, ತಗುಲಿದ ಅವಧಿ ಮುಂತಾದವು ಪ್ರತ್ಯೇಕ ಕ್ಷೇತ್ರಗಳಾಗಿರುತ್ತವೆ. ಹೀಗಾಗಿ ದಾಖಲೆಯನ್ನು ಓದುವ ತಂತ್ರಾಂಶವು ಯಾವ ಪದದ ಅರ್ಥವೇನೆಂದು ಊಹಿಸಬೇಕಾಗಿಲ್ಲ. ದೋಷಪತ್ತೆ, ವೇಗದ ಮಾಪನ ಮತ್ತು ಭದ್ರತಾ ತನಿಖೆಗಳಲ್ಲಿ ಈ ಪದ್ಧತಿ ಬಳಕೆಯಲ್ಲಿದೆ. ಹುಡುಕಲು ಸುಲಭವಾದ ದಾಖಲೆಯು ದುರುಪಯೋಗಕ್ಕೂ ಸುಲಭವಾದುದರಿಂದ, ಏನನ್ನು ಬರೆಯಬಾರದು ಎಂಬ ನಿರ್ಧಾರವೂ ಇದರ ಮುಖ್ಯ ಭಾಗವಾಗಿದೆ.

ಹಿನ್ನೆಲೆ

ಯುನಿಕ್ಸ್ ವ್ಯವಸ್ಥೆಗಳಲ್ಲಿ ಪ್ರಚಲಿತವಾದ ಸಿಸ್‌ಲಾಗ್ ಅನ್ನು ಎರಿಕ್ ಆಲ್ಮನ್ ಅವರು 1980ರ ದಶಕದಲ್ಲಿ ಸೆಂಡ್‌ಮೇಲ್ ಯೋಜನೆಯ ಅಂಗವಾಗಿ ರೂಪಿಸಿದರು. ಅದರ ಸಂದೇಶಗಳು ಬಹುತೇಕ ಮುಕ್ತ ಪಠ್ಯವಾಗಿದ್ದವು. 2009ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 5424 ಎಂಬ ಮಾನಕವು ಸಿಸ್‌ಲಾಗ್ ಸಂದೇಶದಲ್ಲಿ ರಚನಾಬದ್ಧ ದತ್ತಾಂಶಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿತು.

ವೆಬ್ ಸರ್ವರ್‌ಗಳಲ್ಲಿ ಮೊದಲು ವ್ಯಾಪಕವಾದದ್ದು ‘ಕಾಮನ್ ಲಾಗ್ ಫಾರ್ಮ್ಯಾಟ್’. ಎನ್‌ಸಿಎಸ್‌ಎ ಸರ್ವರ್‌ನಿಂದ ಬಂದ ಈ ನಮೂನೆಯನ್ನು ಅಪಾಚೆ ಸರ್ವರ್ ಮುಂದುವರಿಸಿತು. ಅದರ ಒಂದು ಸಾಲು ಹೀಗಿರುತ್ತದೆ:

192.0.2.25 - - [12/ಮಾರ್ಚ್/2024:10:15:32 +0530] "ಗೆಟ್ /ಪುಸ್ತಕ/42 ಎಚ್‌ಟಿಟಿಪಿ/1.1" 200 5120

ಇದರಲ್ಲಿ ಕ್ರಮವಾಗಿ ಗ್ರಾಹಕನ ವಿಳಾಸ, ಎರಡು ಗುರುತಿನ ಕ್ಷೇತ್ರಗಳು, ಸಮಯ, ವಿನಂತಿಯ ಸಾಲು, ಸ್ಥಿತಿ ಸಂಕೇತ ಮತ್ತು ಕಳುಹಿಸಿದ ಬೈಟ್‌ಗಳ ಸಂಖ್ಯೆ ಇವೆ. ಕ್ಷೇತ್ರಗಳಿಗೆ ಹೆಸರಿಲ್ಲ, ಅವುಗಳ ಸ್ಥಾನವೇ ಅರ್ಥವನ್ನು ಸೂಚಿಸುತ್ತದೆ. ನಡುವೆ ಒಂದು ಹೊಸ ಕ್ಷೇತ್ರವನ್ನು ಸೇರಿಸಿದರೆ ಹಳೆಯ ವಿಶ್ಲೇಷಕಗಳೆಲ್ಲ ತಪ್ಪು ಓದುತ್ತವೆ. ವಿನಂತಿಗೆ ಎಷ್ಟು ಕಾಲ ಹಿಡಿಯಿತು ಎಂಬ ಮಾಹಿತಿಯೂ ಈ ಮೂಲ ನಮೂನೆಯಲ್ಲಿ ಇಲ್ಲ.

ದಾಖಲೆಯ ಸ್ವರೂಪ

ರಚನಾಬದ್ಧ ದಾಖಲೆಗೆ ಇಂದು ಹೆಚ್ಚಾಗಿ ಜೇಸನ್ ನಮೂನೆಯನ್ನು ಬಳಸಲಾಗುತ್ತದೆ. ಪ್ರತಿ ಸಾಲಿನಲ್ಲಿ ಒಂದು ಸಂಪೂರ್ಣ ಜೇಸನ್ ವಸ್ತುವಿರುತ್ತದೆ. ಮೇಲಿನ ವಿನಂತಿಯನ್ನೇ ಹೀಗೆ ಬರೆಯಬಹುದು (ಕ್ಷೇತ್ರಗಳ ಹೆಸರುಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಡಲಾಗಿದೆ):

{"ಸಮಯ": "2024-03-12 10:15:32+05:30", "ವಿಧಾನ": "ಗೆಟ್", "ಮಾರ್ಗ": "/ಪುಸ್ತಕ/:ಸಂಖ್ಯೆ", "ಸ್ಥಿತಿ": 200, "ಬೈಟ್‌ಗಳು": 5120, "ಅವಧಿ_ಮಿಲಿಸೆಕೆಂಡ್": 48, "ವಿನಂತಿ_ಗುರುತು": "7301"}

ಇಲ್ಲಿ ಮೂರು ಅಂಶಗಳು ಗಮನಾರ್ಹ.

* ಮಾರ್ಗದಲ್ಲಿ 42 ಎಂಬ ನಿರ್ದಿಷ್ಟ ಸಂಖ್ಯೆಯ ಬದಲು ಮಾರ್ಗದ ಮಾದರಿಯನ್ನು ಬರೆಯಲಾಗಿದೆ. ಇದರಿಂದ ಎಲ್ಲ ಪುಸ್ತಕಗಳ ಪುಟಗಳನ್ನು ಒಂದೇ ಗುಂಪಾಗಿ ಎಣಿಸಬಹುದು. ಅಗತ್ಯವಿದ್ದರೆ ನಿರ್ದಿಷ್ಟ ಸಂಖ್ಯೆಗೆ ಬೇರೊಂದು ಕ್ಷೇತ್ರವನ್ನು ಇರಿಸಲಾಗುತ್ತದೆ.
* ಸ್ಥಿತಿ ಸಂಕೇತವು ಉದ್ಧರಣ ಚಿಹ್ನೆಯಿಲ್ಲದ ಸಂಖ್ಯೆ. ಒಂದು ಸೇವೆ ಇದನ್ನು ಸಂಖ್ಯೆಯಾಗಿಯೂ ಇನ್ನೊಂದು ಪಠ್ಯವಾಗಿಯೂ ಬರೆದರೆ, ಶೋಧ ವ್ಯವಸ್ಥೆಯಲ್ಲಿ ಎರಡೂ ಹೊಂದಿಕೆಯಾಗುವುದಿಲ್ಲ.
* ಅವಧಿಯ ಹೆಸರಿನಲ್ಲೇ ಅದರ ಮಾನವನ್ನು ಸೇರಿಸಲಾಗಿದೆ. ಅಪಾಚೆಯ ಒಂದು ಸೂಚಕವು ಅವಧಿಯನ್ನು ಮೈಕ್ರೊಸೆಕೆಂಡ್‌ಗಳಲ್ಲಿ ಕೊಡುತ್ತದೆ; ಎಂಜಿನ್‌ಎಕ್ಸ್ ಸರ್ವರ್ ಅದನ್ನು ಸೆಕೆಂಡುಗಳ ದಶಮಾಂಶವಾಗಿ ಬರೆಯುತ್ತದೆ. ಮಾನ ನಮೂದಾಗದಿದ್ದರೆ ಹೋಲಿಕೆಯು ಹತ್ತು ಲಕ್ಷ ಪಟ್ಟು ತಪ್ಪಬಹುದು.

ಅಳವಡಿಕೆ

ಸಾಮಾನ್ಯವಾಗಿ ಲಾಗಿಂಗ್ ಅನ್ನು ಮಿಡಲ್‌ವೇರ್ ಎಂಬ ಪದರದಲ್ಲಿ ಅಳವಡಿಸಲಾಗುತ್ತದೆ. ವಿನಂತಿಯು ಅನ್ವಯದ ತಿರುಳನ್ನು ತಲುಪುವ ಮೊದಲು ಮತ್ತು ಉತ್ತರವು ಹೊರಡುವಾಗ ಈ ಪದರವನ್ನು ಹಾದುಹೋಗುತ್ತದೆ. ಇದು ಎಲ್ಲಕ್ಕಿಂತ ಹೊರಗಿನ ಪದರವಾಗಿರುವುದು ಅಪೇಕ್ಷಣೀಯ. ಹಾಗಿಲ್ಲದಿದ್ದರೆ ಅದಕ್ಕಿಂತ ಹೊರಗಿನ ಪದರಗಳು, ಉದಾಹರಣೆಗೆ ದೃಢೀಕರಣದ ಪದರ, ತಿರಸ್ಕರಿಸಿದ ವಿನಂತಿಗಳು ದಾಖಲಾಗದೆ ಉಳಿಯುತ್ತವೆ.

ಕೆಲಸದ ಕ್ರಮ ಹೀಗಿದೆ. ವಿನಂತಿ ಬಂದಾಗ ಅದಕ್ಕೊಂದು ಗುರುತನ್ನು ಕೊಟ್ಟು, ಆರಂಭದ ಕಾಲವನ್ನು ಗುರುತಿಸಲಾಗುತ್ತದೆ. ಆ ಗುರುತು ವಿನಂತಿಯ ಸಂದರ್ಭದೊಂದಿಗೆ ಸಾಗುವುದರಿಂದ, ಡೇಟಾಬೇಸ್ ದೋಷವೇ ಮೊದಲಾದ ಒಳಗಿನ ಘಟನೆಗಳ ಸಾಲುಗಳಲ್ಲೂ ಅದು ಕಾಣಿಸುತ್ತದೆ. ಕೆಲಸ ಮುಗಿದಾಗ, ಅಥವಾ ದೋಷದಿಂದ ಅರ್ಧಕ್ಕೆ ನಿಂತಾಗಲೂ, ಒಂದು ಸಮಗ್ರ ಸಾಲನ್ನು ಬರೆಯಲಾಗುತ್ತದೆ. ಅವಧಿಯನ್ನು ಅಳೆಯಲು ಗಡಿಯಾರದ ಸಮಯದ ಬದಲು ಎಂದೂ ಹಿಂದಕ್ಕೆ ಸರಿಯದ ಏಕಮುಖ ಗಡಿಯಾರವನ್ನು ಬಳಸುತ್ತಾರೆ. ಸರ್ವರ್‌ನ ಸಮಯವನ್ನು ಜಾಲದ ಮೂಲಕ ಸರಿಪಡಿಸುವಾಗ ಸಾಮಾನ್ಯ ಗಡಿಯಾರವು ಹಿಂದಕ್ಕೆ ಹೋಗಿ, ಅವಧಿ ಋಣಸಂಖ್ಯೆಯಾಗುವ ಸಾಧ್ಯತೆಯಿದೆ.

ಒಂದು ವಿನಂತಿಯು ಹಲವು ಸೇವೆಗಳನ್ನು ದಾಟುವಾಗ ಗುರುತು ಎಲ್ಲೆಡೆ ಒಂದೇ ಆಗಿರಬೇಕಾಗುತ್ತದೆ. ಇದಕ್ಕಾಗಿ ವರ್ಲ್ಡ್ ವೈಡ್ ವೆಬ್ ಒಕ್ಕೂಟವು 2020ರಲ್ಲಿ ‘ಟ್ರೇಸ್ ಕಾಂಟೆಕ್ಸ್ಟ್’ ಎಂಬ ಶಿಫಾರಸನ್ನು ಅಂಗೀಕರಿಸಿತು. ಅದರ ಪ್ರಕಾರ 16 ಬೈಟ್‌ಗಳ ಜಾಡಿನ ಗುರುತು ಮತ್ತು 8 ಬೈಟ್‌ಗಳ ಪೋಷಕ ಗುರುತು ಎಚ್‌ಟಿಟಿಪಿ ಶೀರ್ಷಿಕೆಯಲ್ಲಿ ಸಾಗುತ್ತವೆ.

ಹಲವು ಭಾಷೆಗಳಲ್ಲಿ ಇದಕ್ಕೆ ಸಿದ್ಧ ಗ್ರಂಥಾಲಯಗಳಿವೆ: ಪೈಥಾನ್‌ನಲ್ಲಿ ಸ್ಟ್ರಕ್ಟ್‌ಲಾಗ್, ನೋಡ್‌ಜೆಎಸ್‌ನಲ್ಲಿ ಪಿನೋ, ಡಾಟ್‌ನೆಟ್‌ನಲ್ಲಿ ಸೆರಿಲಾಗ್. ಗೋ ಭಾಷೆಯು 2023ರಲ್ಲಿ ಬಿಡುಗಡೆಯಾದ 1.21ನೇ ಆವೃತ್ತಿಯಲ್ಲಿ ಎಸ್‌ಲಾಗ್ ಎಂಬ ಭಾಗವನ್ನು ತನ್ನ ಮೂಲ ಗ್ರಂಥಾಲಯಕ್ಕೇ ಸೇರಿಸಿಕೊಂಡಿತು.

ಭದ್ರತೆ ಮತ್ತು ಗೌಪ್ಯತೆ

ವಿನಂತಿಯ ಬಹುಪಾಲು ವಿವರಗಳನ್ನು ನಿರ್ಧರಿಸುವವನು ಅದನ್ನು ಕಳುಹಿಸುವವನೇ. ಮುಕ್ತ ಪಠ್ಯದ ಲಾಗ್‌ನಲ್ಲಿ ಆತ ಹೊಸ ಸಾಲಿನ ಚಿಹ್ನೆಯನ್ನು ತುರುಕಿ, ನಡೆಯದೇ ಇದ್ದ ಘಟನೆಯೊಂದರ ಸಾಲನ್ನು ಸೃಷ್ಟಿಸಬಹುದು. ಜೇಸನ್ ಬರೆಯುವ ಗ್ರಂಥಾಲಯವು ಅಂತಹ ಚಿಹ್ನೆಗಳನ್ನು ಪರಿವರ್ತಿಸುವುದರಿಂದ ಈ ಬಗೆಯ ನಕಲಿ ದಾಖಲೆಗೆ ತಡೆಯಾಗುತ್ತದೆ. ಆದರೆ ನಮೂನೆಯೊಂದೇ ರಕ್ಷಣೆಯಲ್ಲ. 2021ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಲಾಗ್4ಶೆಲ್ ದೋಷದಲ್ಲಿ, ಜಾವಾದ ಲಾಗ್4ಜೆ ಗ್ರಂಥಾಲಯವು ದಾಖಲಿಸುತ್ತಿದ್ದ ಪಠ್ಯದೊಳಗಿನ ಸೂಚನೆಗಳನ್ನು ಅರ್ಥೈಸುತ್ತಿದ್ದುದರಿಂದ, ದೂರದ ದಾಳಿಕೋರರು ಸರ್ವರ್‌ನಲ್ಲಿ ತಮ್ಮ ಸಂಕೇತವನ್ನು ಚಲಾಯಿಸಲು ಸಾಧ್ಯವಾಗಿತ್ತು.

ಇನ್ನೊಂದು ಅಪಾಯ ಅತಿಯಾದ ದಾಖಲಾತಿ. ವಿನಂತಿಯ ಎಲ್ಲ ಶೀರ್ಷಿಕೆಗಳನ್ನೂ ಒಡಲನ್ನೂ ಹಾಗೆಯೇ ಬರೆದರೆ ಗುಪ್ತಪದ, ಕುಕಿ ಮತ್ತು ಪಾವತಿಯ ವಿವರಗಳೂ ಲಾಗ್‌ಗೆ ಸೇರುತ್ತವೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯು, ಗುಪ್ತಪದಗಳು ಹ್ಯಾಶ್ ಆಗುವ ಮೊದಲೇ ಒಂದು ಆಂತರಿಕ ಲಾಗ್‌ನಲ್ಲಿ ದಾಖಲಾಗುತ್ತಿದ್ದವು ಎಂದು ಪ್ರಕಟಿಸಿ, ಅವುಗಳನ್ನು ಬದಲಿಸುವ ಬಗ್ಗೆ ಯೋಚಿಸುವಂತೆ ಬಳಕೆದಾರರೆಲ್ಲರಿಗೂ ಸಲಹೆ ನೀಡಿತು. ದುರ್ಬಳಕೆಯ ಕುರುಹು ಕಂಡುಬಂದಿಲ್ಲವೆಂದೂ ಅದು ತಿಳಿಸಿತು. ಇಂತಹ ಸಂದರ್ಭಗಳನ್ನು ತಪ್ಪಿಸಲು, ನಿಷಿದ್ಧ ಕ್ಷೇತ್ರಗಳ ಪಟ್ಟಿಗಿಂತ ಅನುಮತಿಸಿದ ಕ್ಷೇತ್ರಗಳ ಪಟ್ಟಿಯೇ ಸುರಕ್ಷಿತ. ಮರೆತುಹೋದ ಕ್ಷೇತ್ರವು ಮೊದಲನೆಯದರಲ್ಲಿ ಬಯಲಾಗುತ್ತದೆ, ಎರಡನೆಯದರಲ್ಲಿ ದಾಖಲಾಗುವುದೇ ಇಲ್ಲ.

ಐಪಿ ವಿಳಾಸವೂ ಸೂಕ್ಷ್ಮ ಮಾಹಿತಿಯೇ. ಬದಲಾಗುವ ಐಪಿ ವಿಳಾಸವು ಕೆಲವು ಸಂದರ್ಭಗಳಲ್ಲಿ ವೈಯಕ್ತಿಕ ದತ್ತಾಂಶವಾಗುತ್ತದೆ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2016ರಲ್ಲಿ ತೀರ್ಪು ನೀಡಿದೆ. ಭಾರತದಲ್ಲಿ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು, ಸೇವಾದಾತರು ಮತ್ತು ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳವರೆಗೆ ಸುರಕ್ಷಿತವಾಗಿ ಇಟ್ಟುಕೊಳ್ಳಬೇಕೆಂದು ವಿಧಿಸಿತು.

ಮಿತಿಗಳು

ರಚನಾಬದ್ಧ ಸಾಲುಗಳು ಪ್ರತಿ ಬಾರಿಯೂ ಕ್ಷೇತ್ರಗಳ ಹೆಸರನ್ನು ಹೊತ್ತಿರುವುದರಿಂದ ಹೆಚ್ಚು ಜಾಗ ಹಿಡಿಯುತ್ತವೆ. ಬರಿಗಣ್ಣಿಗೆ ಓದಲೂ ಕಷ್ಟ. ದಟ್ಟಣೆ ಹೆಚ್ಚಿರುವಲ್ಲಿ ಯಶಸ್ವಿ ವಿನಂತಿಗಳ ಒಂದು ಅಂಶವನ್ನಷ್ಟೇ ಉಳಿಸಿ, ದೋಷಗೊಂಡ ಮತ್ತು ನಿಧಾನವಾದ ವಿನಂತಿಗಳೆಲ್ಲವನ್ನೂ ಉಳಿಸಿಕೊಳ್ಳುವ ರೂಢಿಯಿದೆ. ಲಾಗ್‌ನಲ್ಲಿರುವ 200 ಎಂಬ ಸಂಕೇತವು ಉತ್ತರವು ಗ್ರಾಹಕನನ್ನು ಪೂರ್ಣವಾಗಿ ತಲುಪಿತೆಂಬುದಕ್ಕೆ ಸಾಕ್ಷಿಯಲ್ಲ. ಸಂಕೇತವು ಉತ್ತರದ ಆರಂಭದಲ್ಲೇ ಹೊರಡುತ್ತದೆ, ಸಂಪರ್ಕವು ಅನಂತರವೂ ಕಡಿದುಹೋಗಬಹುದು.