ತುಂಬು ಗರ್ಭಿಣಿಯ ಹಾರ್ಮೋನ್ ಮಟ್ಟ ನೋಡಿದರೆ ಮಗುವಿನ ಕ್ಷೇಮ ತಿಳಿಯುತ್ತದೆಯೇ?

ಪ್ರಶ್ನೆ: ಕೊನೆಯ ತಿಂಗಳುಗಳಲ್ಲಿ ಈಸ್ಟ್ರಿಯಾಲ್ ಹಾರ್ಮೋನ್ ಪರೀಕ್ಷಿಸಿದರೆ ಹೊಟ್ಟೆಯಲ್ಲಿರುವ ಮಗು ಚೆನ್ನಾಗಿದೆಯೇ ಎಂದು ತಿಳಿಯುತ್ತದೆಯೇ?

ಉತ್ತರ: ಇಲ್ಲ, ನಂಬಿ ಕೂರುವಷ್ಟು ತಿಳಿಯುವುದಿಲ್ಲ.

ಈ ನಂಬಿಕೆ ಬಂದದ್ದೆಲ್ಲಿಂದ?
ಮಗುವಿನ ಅಡ್ರಿನಲ್ ಗ್ರಂಥಿ ಮತ್ತು ಯಕೃತ್ತಿನಿಂದ ಬರುವ ವಸ್ತುವನ್ನು ಮಾಸು (ಪ್ಲಾಸೆಂಟಾ) ಈಸ್ಟ್ರಿಯಾಲ್ ಆಗಿ ಬದಲಿಸುತ್ತದೆ. ಆದ್ದರಿಂದ ಅದು ಇಳಿದರೆ ಮಗುವಿಗೆ ಅಪಾಯ ಎಂದು ವೈದ್ಯರು ಭಾವಿಸಿದ್ದರು. 1960–70ರ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಗರ್ಭಿಣಿಯರ 24 ಗಂಟೆಗಳ ಮೂತ್ರ ಸಂಗ್ರಹಿಸಿ ಇದನ್ನು ಅಳೆಯುತ್ತಿದ್ದರು.

ಕೈಬಿಟ್ಟದ್ದೇಕೆ?
ಒಬ್ಬರೇ ತಾಯಿಯಲ್ಲೂ ಈ ಮಟ್ಟ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ತಾಯಿಗೆ ಸ್ಟೀರಾಯ್ಡ್ ಕೊಟ್ಟರೂ ಇಳಿಯುತ್ತದೆ. ಮಾಸಿನಲ್ಲಿ ಸಲ್ಫಟೇಸ್ ಕಿಣ್ವ ಇಲ್ಲದಿದ್ದರೆ, ಮಗು ಚೆನ್ನಾಗಿದ್ದರೂ ಮಟ್ಟ ತೀರಾ ಕಡಿಮೆ ಇರುತ್ತದೆ. 1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆಚ್ಚು ಅಪಾಯವಿದ್ದ 622 ಗರ್ಭಿಣಿಯರಿದ್ದರು. ವರದಿಯನ್ನು ವೈದ್ಯರಿಗೆ ತಿಳಿಸಿದ ಗುಂಪಿಗೂ ತಿಳಿಸದ ಗುಂಪಿಗೂ ಶಿಶುಮರಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಈಗ ಏನು ನೋಡುತ್ತಾರೆ?
ಮಗುವಿನ ಹೃದಯ ಬಡಿತ ದಾಖಲಿಸುವ ಎನ್‌ಎಸ್‌ಟಿ, ಬೆಳವಣಿಗೆ ಮತ್ತು ಗರ್ಭಜಲ ತೋರಿಸುವ ಸ್ಕ್ಯಾನ್, ಹೊಕ್ಕುಳಬಳ್ಳಿಯ ರಕ್ತಸಂಚಾರ ತೋರಿಸುವ ಡಾಪ್ಲರ್.

ಗೊಂದಲ ಬೇಡ: ಸುಮಾರು 15–20ನೇ ವಾರದ ಕ್ವಾಡ್ರುಪಲ್ ಪರೀಕ್ಷೆಯಲ್ಲೂ ಈಸ್ಟ್ರಿಯಾಲ್ ನೋಡುತ್ತಾರೆ. ಅದರ ಉದ್ದೇಶ ಬೇರೆ: ಡೌನ್ ಸಿಂಡ್ರೋಮ್‌ನಂತಹ ತೊಂದರೆಗಳ ಸಾಧ್ಯತೆ ಅಂದಾಜಿಸುವುದು.

ನಾವು ಹೇಳುವುದಿಷ್ಟು: ಮಗುವಿನ ಒದೆತ, ಹೊರಳಾಟ ಎಂದಿಗಿಂತ ಕಡಿಮೆಯಾದರೆ, ಹಳೆಯ ವರದಿ ‘ನಾರ್ಮಲ್’ ಇದೆಯೆಂದು ಮನೆಯಲ್ಲೇ ಕಾಯಬೇಡಿ. ರಾತ್ರಿಯಾದರೂ ಸರಿ, ಕೂಡಲೇ ಹೆರಿಗೆ ಆಸ್ಪತ್ರೆಗೆ ಹೋಗಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನೇ ಮಾಡಿ.