ಪ್ಯಾರಿಲೀನ್: ಆವಿಯಿಂದ ಮೂಡುವ ಪ್ಲಾಸ್ಟಿಕ್ ಪೊರೆ

ಏನಿದು?

ಒಂದು ವಸ್ತುವಿಗೆ ಪ್ಲಾಸ್ಟಿಕ್ಕಿನ ತೆಳುಲೇಪ ಬೇಕಾದಾಗ ಸಾಮಾನ್ಯವಾಗಿ ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ ಬಳಿಯುತ್ತಾರೆ, ಸಿಂಪಡಿಸುತ್ತಾರೆ ಅಥವಾ ವಸ್ತುವನ್ನೇ ಅದರಲ್ಲಿ ಅದ್ದುತ್ತಾರೆ. ಆದರೆ ದ್ರವಕ್ಕೆ ಮೇಲ್ಮೈ ಸೆಳೆತವಿದೆ. ಅದು ಮೂಲೆಗಳಲ್ಲಿ ದಪ್ಪವಾಗಿ ನಿಲ್ಲುತ್ತದೆ, ಚೂಪಾದ ಅಂಚುಗಳಲ್ಲಿ ತೆಳುವಾಗುತ್ತದೆ, ಕಿರಿದಾದ ಸಂದುಗಳ ಬಾಯಿಯನ್ನು ಮುಚ್ಚಿಬಿಡುತ್ತದೆ.

ರಾಸಾಯನಿಕ ಆವಿ ನಿಕ್ಷೇಪ, ಅಂದರೆ ಕೆಮಿಕಲ್ ವೇಪರ್ ಡೆಪಾಸಿಷನ್ ವಿಧಾನದಲ್ಲಿ ದ್ರವಕ್ಕೆ ಪಾತ್ರವೇ ಇಲ್ಲ. ಪಾಲಿಮರಿನ ಬಿಡಿ ಘಟಕಗಳಾದ ಮಾನೋಮರ್‌ಗಳು ಆವಿಯಾಗಿ ಬಂದು, ಮೇಲ್ಮೈಯಲ್ಲೇ ಒಂದಕ್ಕೊಂದು ಬೆಸೆದು ಸರಪಳಿಯಾಗುತ್ತವೆ. ಪಾಲಿಮರ್ ರೂಪುಗೊಳ್ಳುವುದೂ ಲೇಪ ಕೂರುವುದೂ ಒಂದೇ ಕ್ರಿಯೆ. ಪ್ಯಾರಿಲೀನ್ ಇದರ ಪ್ರಸಿದ್ಧ ಉದಾಹರಣೆ.

ಹುಟ್ಟು

1947ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಪೋಲೆಂಡ್ ಮೂಲದ ರಸಾಯನವಿಜ್ಞಾನಿ ಮೈಕೆಲ್ ಶ್ವಾರ್ಟ್ಸ್, ಕ್ಸೈಲೀನ್ ಆವಿಯನ್ನು ತೀವ್ರವಾಗಿ ಕಾಯಿಸುವ ಪ್ರಯೋಗಗಳಲ್ಲಿ ಈ ಪೊರೆಯನ್ನು ಮೊದಲು ಗುರುತಿಸಿದರು. ಆ ಮಾರ್ಗದಲ್ಲಿ ಇಳುವರಿ ಕಡಿಮೆಯಿತ್ತು, ಪೊರೆಯೂ ಶುದ್ಧವಾಗಿರಲಿಲ್ಲ. ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ವಿಲಿಯಂ ಗೊರ್ಹಮ್ ಎರಡು ಘಟಕಗಳು ಜೋಡಿಯಾಗಿರುವ ಡೈಮರ್ ಪುಡಿಯಿಂದ ಆರಂಭಿಸುವ ಮಾರ್ಗವನ್ನು ರೂಪಿಸಿದರು. 1965ರಲ್ಲಿ ಪ್ಯಾರಿಲೀನ್ ಮಾರುಕಟ್ಟೆಗೆ ಬಂತು. ಇಂದಿನ ಯಂತ್ರಗಳೂ ಗೊರ್ಹಮ್ ಮಾರ್ಗವನ್ನೇ ಅನುಸರಿಸುತ್ತವೆ.

ಕಾರ್ಯವಿಧಾನ

ಇಡೀ ಕ್ರಿಯೆ ನಿರ್ವಾತ ವ್ಯವಸ್ಥೆಯೊಳಗೆ ನಡೆಯುತ್ತದೆ. ಅಲ್ಲಿನ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಹಲವು ಸಾವಿರದಲ್ಲೊಂದು ಪಾಲು ಮಾತ್ರ. ಮೊದಲ ಕೋಣೆಯಲ್ಲಿ ಡೈಮರ್ ಪುಡಿಯನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ತೆರೆದಿಟ್ಟ ಕರ್ಪೂರ ಸವೆಯುವಂತೆ ಪುಡಿ ದ್ರವವಾಗದೆ ನೇರವಾಗಿ ಆವಿಯಾಗುತ್ತದೆ. ಈ ಆವಿ ಸುಮಾರು 680 ಡಿಗ್ರಿಯ ಕುಲುಮೆಯನ್ನು ಹಾಯುವಾಗ ಪ್ರತಿ ಜೋಡಿಯೂ ಎರಡಾಗಿ ಒಡೆಯುತ್ತದೆ. ಹೀಗೆ ಹುಟ್ಟುವ ಅಣು ಎರಡೂ ತುದಿಗಳಲ್ಲಿ ಬಂಧಕ್ಕಾಗಿ ಸಿದ್ಧವಾಗಿರುತ್ತದೆ. ಕೊನೆಯ ಕೋಣೆಯಲ್ಲಿ, ಸಾಮಾನ್ಯ ಕೊಠಡಿಯ ಉಷ್ಣತೆಯಲ್ಲೇ, ಅದು ವಸ್ತುವಿನ ಮೇಲೆ ಕುಳಿತು ನೆರೆಯ ಅಣುಗಳೊಂದಿಗೆ ಸರಪಳಿ ಕಟ್ಟುತ್ತದೆ. ಇದಕ್ಕೆ ವೇಗವರ್ಧಕ ಬೇಕಿಲ್ಲ, ಉಪೋತ್ಪನ್ನವೂ ಹೊರಬೀಳುವುದಿಲ್ಲ. ಉಳಿದ ಆವಿಯನ್ನು ಪಂಪಿನ ಮುಂದಿರುವ ಅತಿಶೀತಲ ಬಲೆ ಹಿಡಿದಿಡುತ್ತದೆ.

ಈ ವಿಧಾನದ ಚೆಲುವೆಲ್ಲ ಎರಡು ಸಂಗತಿಗಳಲ್ಲಿದೆ. ಬೇಕಾದ ಉಷ್ಣವೆಲ್ಲ ಕುಲುಮೆಯಲ್ಲೇ ವ್ಯಯವಾಗುವುದರಿಂದ ಕಾಗದದಂಥ ನಾಜೂಕು ವಸ್ತುವಿಗೂ ಲೇಪ ಹಾಕಬಹುದು. ಎರಡನೆಯದು ಇನ್ನೂ ಸ್ವಾರಸ್ಯಕರ: ಮೇಲ್ಮೈಗೆ ತಾಗಿದ ಅಣುಗಳಲ್ಲಿ ಬಹುಪಾಲು ತಕ್ಷಣ ಅಂಟುವುದಿಲ್ಲ. ಅವು ಪುಟಿದು, ಅಲೆದು, ಅನೇಕ ಬಾರಿ ತಾಗಿದ ನಂತರವೇ ನೆಲೆಗೊಳ್ಳುತ್ತವೆ. ಆದ್ದರಿಂದ ಆವಿ ಆಳವಾದ ಬಿರುಕುಗಳನ್ನೂ ವಸ್ತುವಿನ ಹಿಂಬದಿಯನ್ನೂ ತಲುಪಿ, ಎಲ್ಲೆಡೆ ಬಹುತೇಕ ಒಂದೇ ದಪ್ಪದ ಪೊರೆಯಾಗುತ್ತದೆ. ಕೆಲವೇ ಮೈಕ್ರೋಮೀಟರ್ ದಪ್ಪದ ಪೊರೆ ಕೂಡ ರಂಧ್ರರಹಿತವಾಗಿರಬಲ್ಲದು.

ಬಗೆಗಳು

ಮೂಲರೂಪಕ್ಕೆ ಪ್ಯಾರಿಲೀನ್ ಎನ್ ಎಂದು ಹೆಸರು. ಅದರ ಬೆಂಜೀನ್ ಉಂಗುರದಲ್ಲಿ ಒಂದು ಹೈಡ್ರೋಜನ್ ಬದಲು ಕ್ಲೋರಿನ್ ಇದ್ದರೆ ಪ್ಯಾರಿಲೀನ್ ಸಿ, ಎರಡು ಕ್ಲೋರಿನ್ ಇದ್ದರೆ ಡಿ. ತೇವವನ್ನು ಚೆನ್ನಾಗಿ ತಡೆಯುವ ಸಿ ಬಗೆ ಹೆಚ್ಚು ಬಳಕೆಯಲ್ಲಿದೆ.

ಎಲ್ಲೆಲ್ಲಿ ಬಳಕೆ?

ತೇವ ಮತ್ತು ಉಪ್ಪುಗಾಳಿಗೆ ಒಡ್ಡಿಕೊಳ್ಳುವ ವಿದ್ಯುನ್ಮಾನ ಫಲಕಗಳಿಗೆ ಇದು ರಕ್ಷಾಕವಚ. ದೇಹದೊಳಗೆ ಇರಿಸುವ ಸಾಧನಗಳಲ್ಲಂತೂ ಇದರ ಮಹತ್ವ ದೊಡ್ಡದು: ದೇಹದ್ರವ ಒಳನುಸುಳದಂತೆ ತಡೆಯುತ್ತದೆ, ಅಂಗಾಂಶವನ್ನು ಕೆರಳಿಸುವುದೂ ಕಡಿಮೆ. ಮೆದುಳಿನ ಸಂಕೇತಗಳನ್ನು ಗ್ರಹಿಸುವ ಯೂಟಾ ಅರೇ ಎಂಬ ಸಾಧನದಲ್ಲಿ ಸಿಲಿಕಾನ್‌ನ ನೂರರಷ್ಟು ಸೂಕ್ಷ್ಮ ಸೂಜಿಗಳಿವೆ. ಪ್ರತಿ ಸೂಜಿಯ ಮೈಗೆ ಪ್ಯಾರಿಲೀನ್ ಸಿ ಹೊದಿಸಿ, ತುದಿಯನ್ನು ಮಾತ್ರ ತೆರೆದಿಡುತ್ತಾರೆ. ಅಷ್ಟು ಒತ್ತೊತ್ತಾದ ಸೂಜಿಗಳ ನಡುವೆ ದ್ರವಲೇಪವನ್ನು ಸಮನಾಗಿ ಹರಡುವುದು ದುಸ್ಸಾಧ್ಯ.

ಮಿತಿಗಳು

ಲೇಪ ಬೇಡವಾದ ಭಾಗಗಳನ್ನು ಮೊದಲೇ ಮರೆಮಾಡಬೇಕು, ಏಕೆಂದರೆ ಆವಿಗೆ ಬೇಕು-ಬೇಡಗಳ ಭೇದವಿಲ್ಲ. ಲೋಹ ಮತ್ತು ಗಾಜಿಗೆ ಪೊರೆ ಬಿಗಿಯಾಗಿ ಹಿಡಿಯಲು ಸೈಲೇನ್ ಎಂಬ ಪೂರ್ವಲೇಪ ಅಗತ್ಯ. ಗಾಳಿಯಲ್ಲಿ ದೀರ್ಘಕಾಲದ ಬಿಸಿಗೂ ನೇರಳಾತೀತ ಕಿರಣಕ್ಕೂ ಪೊರೆ ನಲುಗುತ್ತದೆ. ದಪ್ಪ ಏರಲು ಗಂಟೆಗಳೇ ಬೇಕು.

ಹೊಸ ಮಾರ್ಗ

ಪ್ಯಾರಿಲೀನ್ ಮಾರ್ಗ ಒಂದೇ ಕುಟುಂಬದ ಪಾಲಿಮರ್‌ಗಳಿಗೆ ಸೀಮಿತ. ಎಂಐಟಿಯ ಕ್ಯಾರೆನ್ ಗ್ಲೀಸನ್ ಮತ್ತು ಸಂಗಡಿಗರು ಬೆಳೆಸಿದ ಪ್ರಾರಂಭಕ-ಚಾಲಿತ ವಿಧಾನ ಈ ಮಿತಿಯನ್ನು ದಾಟಿತು. ಅಲ್ಲಿ ಪೆರಾಕ್ಸೈಡ್‌ನಂಥ ಪ್ರಾರಂಭಕವನ್ನು ಮಾನೋಮರ್ ಆವಿಯೊಂದಿಗೆ ಹಾಯಿಸುತ್ತಾರೆ. ಕಾದ ತಂತಿಗಳು ಪ್ರಾರಂಭಕವನ್ನಷ್ಟೇ ಒಡೆಯುತ್ತವೆ. ಮಾನೋಮರ್ ಹಾಗೆಯೇ ಉಳಿದು ತಂಪಾದ ಮೇಲ್ಮೈಯಲ್ಲಿ ಸರಪಳಿಯಾಗುತ್ತದೆ. ಅದರ ರಾಸಾಯನಿಕ ಗುಣಗಳು ಕೆಡದ ಕಾರಣ, ನೀರನ್ನು ದೂಡುವ ಪೊರೆಯನ್ನೂ ನೀರನ್ನು ಹೀರುವ ಪೊರೆಯನ್ನೂ ಅದೇ ಯಂತ್ರದಲ್ಲಿ ಬೆಳೆಸಬಹುದು.